ಚಿಪ್ಪು ಹಾಕಿದ ಗಾಳ

ಅಣ್ಣಾ,

ಹೊಳೆಯಲ್ಲಿ ಮುಳುಗಿ ಕಪ್ಪೆಚಿಪ್ಪು ಹುಡುಕುವುದೇ ಇಲ್ಲಿ ನನ್ನ ಕೆಲಸ. ಈ ಜಾತಿ ಅಳಿದೇಹೋಗುತ್ತಿದೆ. ಈ ವರ್ಷ ಬಸುರಿ ಚಿಪ್ಪು ಅಂತ ಸಿಕ್ಕಿದ್ದು ಒಬ್ಬಳೇ. ನಿನ್ನೆ ಬೋಗುಣಿಯಲ್ಲಿ ಅವಳ ಬಾಯಿಗೆ ಪುಟ್ಟ ಮೀನೊಂದು ಸಿಕ್ಕಿ ಒದ್ದಾಡುತ್ತಿತ್ತು. ಪಾಪ ಅಂತ ಬಿಡಿಸಲು ಚಿಮಟ ಹಾಕಿದೆ.

"ಅಯ್ಯೋ, ಅದು ಮೀನಲ್ಲ ಕಣಮ್ಮ!" ಇಲ್ಲಿ ಚಿಪ್ಪುಗಳ ತಳಿ ಉಳಿಸುತ್ತಿರುವ ನಮ್ಮ ಮೇಡಂ ಕಿರುಚಿದರು. "ಅವಳದೇ ಮಾಂಸ ಅದು, ದೊಡ್ಡ ಮೀನಿಗೆ ಹಾಕೋ ಗಾಳ!"

ಅಷ್ಟರಲ್ಲಿ ಚಿಮಟ ತಾಗಿದ್ದನ್ನೇ ಮೀನು ಕಚ್ಚಿತು ಅಂದುಕೊಂಡು ಅವಳು ಮರಿಗಳನ್ನೆಲ್ಲ ನೀರಿಗೆ ಉಗುಳಿಯಾಗಿತ್ತು. ದೊಡ್ಡ ಮೀನಿನ ಕಿವಿರಿಗೆ ಅಂಟದಿದ್ದರೆ ಅವು ಬದುಕವು. ಆ ನೀರನ್ನು ಹಾಗೇ ಮೀನಿನ ತೊಟ್ಟಿಗೆ ಸುರಿದೆವು. ಇವತ್ತು ನೋಡಿದರೆ ಕಿವಿರು ತುಂಬ ಮರಿಗಳು!

ನನ್ನ ನೆಗಡಿ ಬಿಟ್ಟಿದೆ, ಅಮ್ಮನಿಗೆ ಹೇಳು. ನಿನ್ನ ಗಾಳ ಕಚ್ಚಿದ ಮೀನನ್ನು ಪೆದ್ದು ಅಂತ ಇನ್ನು ನಗಬೇಡ. ನಮ್ಮ ಮನೆಯದೇ ಒಂದು ಕಚ್ಚಿದೆ.

ನಿನ್ನ ತಂಗಿ