ಬ್ಲೇಡ್ ಬದಲಿಸಿ

ಅಕ್ಕಾ,

ನೀನು ಹೋಗಿ ಎಂಟು ತಿಂಗಳಾಯಿತು, ಇದನ್ನು ಓದುವುದಿಲ್ಲ ಅಂತ ಗೊತ್ತು. ನಿದ್ದೆ ಬಾರದೆ ಬರೆಯುತ್ತಿದ್ದೇನೆ.

ನಿನ್ನೆ ಮಗುವಿನ ಜವಳ ಇತ್ತು. ಅಣ್ಣತಮ್ಮಂದಿರ ಮಕ್ಕಳಿಗೆ ಒಂದೇ ಕತ್ತಿಯಲ್ಲಿ ಕೂದಲು ತೆಗೆಸುವುದು ಈ ಮನೆಯ ಪದ್ಧತಿ. ಮೊದಲು ಕೂತ ಓರಗಿತ್ತಿ ಬಸಕ್ಕನ ಮಗನ ನೆತ್ತಿ ಗೀರಿ ರಕ್ತ ಬಂತು. ಅದೇ ಕತ್ತಿ ನನ್ನ ಮಗುವಿನ ತಲೆಗೆ ಬಂದಾಗ "ಬ್ಲೇಡ್ ಬದಲಿಸಿ" ಅಂದೆ.

"ನನ್ ಮಗನಿಗೆ ಏಡ್ಸ್ ಐತೆ ಅಂತೀಯೇನೆ? ಅದು ಬಂದು ಸತ್ತೋಳು ನಿಮ್ಮಕ್ಕ ಕಣೆ" ಅಂದಳು ಬಸಕ್ಕ.

ನಾನು ಕತ್ತಿಗೆ ಕೈ ಹಾಕಿ ಕಿತ್ತುಕೊಂಡೆ. ಅಂಗೈ ಸೀಳಿತು. ನಮ್ಮ ಯಜಮಾನರು ನೆಂಟರೆದುರೇ ಕೆನ್ನೆಗೆ ಬಾರಿಸಿ, ಜಡೆ ಹಿಡಿದು ಅಂಗಳಕ್ಕೆ ಎಳೆದರು. ತುಟಿ ಒಡೆದಿದ್ದರೂ ಕೂಗಿ ಹೇಳಿದೆ: "ಎಚ್‌ಐವಿ ಯಾರಿಗಿದೆ ಅಂತ ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೇ ಎಲ್ಲರಿಗೂ ಹೊಸ ಬ್ಲೇಡು. ಅದು ರಕ್ತದಿಂದ ಬರುತ್ತೆ. ಮುಟ್ಟಿದರೆ ಬರಲ್ಲ, ಎತ್ತಿಕೊಂಡರೆ ಬರಲ್ಲ."

ಕ್ಷೌರ ಮಾಡಲು ಬಂದಿದ್ದ ಸಣ್ಣಪ್ಪ ಕತ್ತಿ ಎತ್ತಿಕೊಂಡು ಹೊಸ ಬ್ಲೇಡು ಹಾಕಿದ.

ಆ ಮಾತು ನನ್ನದಲ್ಲ ಅಕ್ಕಾ. ಆನವಟ್ಟಿಯಿಂದ ಬಸ್ಸಿನಲ್ಲಿ ಬಂದು, ಬಾಣಂತಿ ಕೋಣೆಯ ಬಾಗಿಲಲ್ಲಿ ಕೈ ಚಾಚಿ ನಿಂತು ನೀನು ಹೇಳಿದ್ದು. ಆವತ್ತು ನಾನು ಮಗುವನ್ನು ಅವಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದೆ.