ಲುಂಗಿಸನನ್ನು ಯಾವ ಊರಿನಿಂದ ಕರೆಯುವುದು

೧೪ ಜೂನ್ ೨೦೨೩
ಮನೆ. ಮಧ್ಯಾಹ್ನ, ಕರೆಂಟಿಲ್ಲ. ಅಮ್ಮ ಮಲಗಿದ್ದಾಳೆ.

ತಂಗಿ ನೊಜುಕೊ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ. ಸಿಟ್ಟಾಗಬೇಡ, ಆಯಾಸ, ಅಷ್ಟೇ. ಕೇಪ್‌ಟೌನಿನ ಚಳಿಯಲ್ಲಿ ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಅಮ್ಮ ಜೋಳದ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ.

ಕೊನೆಗೂ ಅಣ್ಣನನ್ನು ಕರೆತರಲು ಹೋಗಿದ್ದೆವು. ಆಗಿನ ಬಿಳಿಯರ ಸರ್ಕಾರದ ಪೊಲೀಸರು ಗುಂಡಿಕ್ಕಿ ಕೊಂದವನ ದೇಹವನ್ನಂತೂ ಕೊಡಲಿಲ್ಲ. ತಾನು ಕಣ್ಣು ಮುಚ್ಚುವ ಮೊದಲು ಆತ್ಮವಾದರೂ ಮನೆ ಸೇರಲಿ ಎಂದು ಅಮ್ಮನ ಹಟ. ಅವನು ಬಿದ್ದ ರಸ್ತೆಯ ಮೂಲೆಯಲ್ಲಿ ಚಿಕ್ಕಪ್ಪ ಜೊಲಿಲೆ, ಆತ್ಮವನ್ನು ಹೊತ್ತು ತರುವ ಎಲಚಿಯ ಮುಳ್ಳುಕೊಂಬೆಯನ್ನು ನೆಲಕ್ಕೆ ತಾಗಿಸಿ, “ಲುಂಗಿಸ, ಏಳಪ್ಪ, ಗೆಬೆರ್ಹಾ ಬಿಟ್ಟು ಮನೆಗೆ ಹೋಗೋಣ” ಎಂದು ಕರೆದರು.

ವ್ಯಾನಿನಲ್ಲಿ ಅವನಿಗೂ ಒಂದು ಸೀಟು ಹಿಡಿದಿದ್ದೆವು. ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು, “ಇದು ಖಾಲಿ ಇದೆಯಲ್ಲ?” ಎಂದಳು. ಡ್ರೈವರ್ ತಿರುಗಿಯೂ ನೋಡದೆ, “ಖಾಲಿ ಎಲ್ಲಮ್ಮ? ಕೊಂಬೆ ಕಾಣ್ಸಲ್ವ? ನಿಮಗಿಂತ ಮೊದಲೇ ಕೂತಿದ್ದಾನೆ” ಎಂದ. ಅವಳು ಕ್ಷಮೆ ಕೇಳಿ ಹಿಂದೆ ಹೋದಳು.

ದಾರಿಯ ಪ್ರತಿ ಹೊಳೆ, ಪ್ರತಿ ಊರಿನ ಹೆಸರನ್ನೂ ಸತ್ತವನಿಗೆ ಹೇಳುತ್ತ ಬರಬೇಕಲ್ಲ. ನಾವೆಲ್ಲ ರಿನಿ ಎನ್ನುವ ಊರು ಬಂದಾಗಲೂ ಚಿಕ್ಕಪ್ಪ ಸರ್ಕಾರದ ಹೊಸ ಹೆಸರು ಹಿಡಿದು, “ಮಖಾಂಡ ಬಂತು ಕಣಪ್ಪ” ಎಂದರು. ಕೊಂಬೆ ಹಿಡಿದವರು ಬೇರೆ ಯಾರೊಡನೆಯೂ ಮಾತಾಡುವಂತಿಲ್ಲ. ಹಾಗಾಗಿ ತಡೆದು ಕೇಳಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಎದ್ದವಳೇ ಅಳತೊಡಗಿದಳು. “ಕನಸಲ್ಲಿ ಬಂದಿದ್ದ ಕಣೆ. ಇನ್ನೂ ರಸ್ತೆ ಬದೀಲೇ ನಿಂತಿದ್ದಾನೆ. ‘ಯಾರನ್ನೋ ಯಾವುದೋ ಊರಿಂದ ಕರೀತಿದ್ರು, ನನ್ನನ್ನಲ್ಲ ಅಂತ ಸುಮ್ನಿದ್ದೆ ಅಮ್ಮ’ ಅಂದ.”

“ಅತ್ತಿಗೆ, ಇಂಥ ಹೆಸರು ಬರಲಿ ಅಂತಾನೇ ಅಲ್ವ ಹುಡುಗ ಸತ್ತಿದ್ದು?” ಎಂದರು ಚಿಕ್ಕಪ್ಪ. ಆ ಹೆಸರಿಗಾಗಿ ಸಭೆಯಿಂದ ಸಭೆಗೆ ಅಲೆದವರು ಅವರು.

“ಬೋರ್ಡಿಗೋಸ್ಕರ ಸಾಯೋಕೆ ನನ್ನ ಮಗನೇನು ಬೋರ್ಡು ಬರೆಯೋನೇನೋ? ಅವನು ಹೋಗಿದ್ದು ಇಭಾಯಿಗೆ. ಅಲ್ಲೇ ನಿಂತಿದ್ದಾನೆ.”

ನನಗೂ ಹೊಸ ಹೆಸರಿನ ಮೇಲೆ ಮುನಿಸಿಲ್ಲ. ಪೋರ್ಟ್ ಎಲಿಜಬೆತ್ ಎಂಬ ಬೋರ್ಡು ಇಳಿದು ಗೆಬೆರ್ಹಾ ಏರಿದ ದಿನ ಚಪ್ಪಾಳೆ ತಟ್ಟಿದವಳೇ. ಆದರೆ ಆ ಎರಡೂ ಬೋರ್ಡಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರು ಯಾವತ್ತು ಹೇಳಿದ್ದರು? ನಮಗದು ಎಂದೂ ಇಭಾಯಿಯೇ. ಬಿಳಿಯರ ಹೆಸರನ್ನು ಅಳಿಸುವಾಗ ನಮ್ಮದೂ ಜೊತೆಗೆ ಹೋಯಿತು. ಇದನ್ನು ಹೇಳಿದರೆ ಚಿಕ್ಕಪ್ಪ ನನ್ನನ್ನು ದ್ರೋಹಿಯಂತೆ ನೋಡುತ್ತಾರೆ. ವಾದಿಸುವ ಶಕ್ತಿ ನನಗಿಲ್ಲ.

ನಿನ್ನ ಮಕ್ಕಳ ಮೇಲೆ ಹಿರಿಯರ ನೆರಳಿರಲಿ. ಮಂಡಿಗೆ ಬಿಸಿ ಬಟ್ಟೆ ಕಟ್ಟಿಕೋ.

ನಿನ್ನ ಅಕ್ಕ,
ತೊಜಾಮ

ಮರೆತಿದ್ದೆ: ಅಣ್ಣನ ದನಿ ನಿನಗೆ ನೆನಪಿದೆಯೇ? ನನಗೆ ಒಂದೇ ಮಾತಿನಷ್ಟು ಉಳಿದಿದೆ. ಬೇಲಿಯ ಬಾಗಿಲಲ್ಲಿ ತಿರುಗಿ, “ಇಭಾಯಿಗೆ ಹೋಗಿ ಬರ್ತೀನಿ, ಏನ್ ತರ್ಲಿ?” ಎಂದಿದ್ದ. ಯಾರಾದರೂ ಆ ಊರಿನ ಹೆಸರೆತ್ತಿದರೆ ಮಾತ್ರ ಆ ದನಿ ಕೇಳಿಸುತ್ತದೆ. ಈಗ ಯಾರೂ ಎತ್ತುವುದಿಲ್ಲ. ಹೆಂಗಸರು ಕೊಂಬೆ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ, ಗೊತ್ತು. ಶನಿವಾರ ಚಿಕ್ಕಪ್ಪನಿಗೆ ಹೇಳದೆ ಇಭಾಯಿಗೆ ಹೋಗುತ್ತೇನೆ. ಈ ಸಲ ಕರೆಯುವವಳು ನಾನೇ.