ಹೊರಡಲು ನಮಗೆ ಅರ್ಧ ಗಂಟೆ ಬೇಕು

ಮಾನ್ಯ ಪ್ರಾಂಶುಪಾಲರೇ,

ಬರುವ ಸೆಪ್ಟೆಂಬರಿನಿಂದ ನಮ್ಮ ಸಂಜೆಯ ಸ್ಪ್ಯಾನಿಷ್ ತರಗತಿ ಪೂರ್ತಿ ಆನ್‌ಲೈನ್ ಆಗುತ್ತದೆಂದು ನಿಮ್ಮ ಕಚೇರಿ ತಿಳಿಸಿದೆ. "ಪರದೆಯ ಮೇಲೂ ಆತ್ಮೀಯ ಬಾಂಧವ್ಯ ಬೆಳೆಯುತ್ತದೆ" ಎಂಬ ಭರವಸೆಯನ್ನೂ ಕೊಟ್ಟಿದೆ. ಬಾಂಧವ್ಯದ ಮಾತನ್ನು ತಾವೇ ಎತ್ತಿದ್ದರಿಂದ ಊರಿನ ಈ ಪತ್ರಿಕೆಯಲ್ಲೇ ಹೇಳುತ್ತೇನೆ: ನನ್ನದೊಂದು ಬಾಂಧವ್ಯವನ್ನು ಅರ್ಧ ವಾಕ್ಯದಲ್ಲಿ ತುಂಡರಿಸಿದ್ದು ಇದೇ ಪರದೆ.

ತಾವು ಬೇರೆ ರಾಜ್ಯದಿಂದ ಬಂದವರು, ನಮ್ಮ ರೋಗ ತಮಗೆ ಗೊತ್ತಿರಲಾರದು. ಚಳಿಯ ಊರಾದ ನಮ್ಮ ಡುಲೂತ್‌ನಲ್ಲಿ ಯಾರೂ ಥಟ್ಟನೆ ಎದ್ದು ಹೋಗುವುದಿಲ್ಲ. ಮೊದಲು ತೊಡೆ ತಟ್ಟಿ "ಸರಿ ಹಾಗಾದ್ರೆ" ಅನ್ನಬೇಕು. ಆಮೇಲೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲಬೇಕು. ಕೊನೆಗೆ ಕಾರಿನ ಗಾಜು ಇಳಿಸಿ, ಮೂಗು ಮರಗಟ್ಟುವ ತನಕ, ಅಸಲು ಮಾತು ಆಡಬೇಕು. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಎಲ್ಡನ್ ನೀಮಿ ನನಗೆ ಪರಿಚಯವಾದದ್ದು ಕಾಲೇಜಿನಲ್ಲಿ ಕಾರು ನಿಲ್ಲಿಸುವ ಜಾಗದಲ್ಲೇ. ತರಗತಿಯಲ್ಲಿ ಬಾಯಿ ಬಿಡದ ಮನುಷ್ಯ. ಗಾಜು ಇಳಿಸಿದರೆ ಒಂದು ವಾಕ್ಯ ಹೊರಬರುತ್ತದೆ, ಅದೂ ಕಂತಿನಲ್ಲಿ. ನಾನು ಶಾಲೆಯ ಬಸ್ಸು ಓಡಿಸುವವಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಎಲ್ಡನ್‌ರ ಒಂದು ವಾಕ್ಯ ನನಗೆ ವಾರಕ್ಕೆ ಸಾಕಾಗುತ್ತಿತ್ತು. ನಗುವುದಿದ್ದರೆ ನಗಿ, ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಕಾಲೇಜಿನ ಬಾಯ್ಲರ್ ಕೆಟ್ಟು ತಾವು ನಮ್ಮನ್ನು ಪರದೆಗೆ ಅಟ್ಟಿದಿರಿ. ಪಾಠ ಮುಗಿಯಿತು. ಆದರೆ ಮೊದಲು ಹೋಗುವ ಮರ್ಯಾದೆಗೇಡಿ ಯಾರು? "ನೀವು ಮೊದ್ಲು ಹೋಗಿ." "ಛೆ, ಛೆ, ನೀವು ಹೋಗಿ." ಎಲ್ಲರೂ ಚೌಕಗಳೊಳಗೆ ಕೂತು ಕೈ ಬೀಸಿದ್ದೇ ಬೀಸಿದ್ದು. ಟೀಚರ್ ಗ್ರಸಿಯೇಲಾ ಅಂಗಲಾಚಿದರು: "ಯಾರಾದ್ರೂ ಹೊರಡ್ರಪ್ಪ, ನನ್ನ ಅನ್ನ ತಳ ಹಿಡೀತಿದೆ." ಆಗ ಎಲ್ಡನ್ ಗಂಟಲು ಸರಿ ಮಾಡಿಕೊಂಡರು. "ಮಾರ್ಲಿಸ್, ಶನಿವಾರ ನಿಮಗೆ..."

ಟೀಚರ್ ತರಗತಿ ಮುಗಿಸುವ ಗುಂಡಿ ಒತ್ತಿಬಿಟ್ಟರು. ಕಪ್ಪು ಪರದೆಯಲ್ಲಿ ಬಾಯಿ ತೆರೆದ ನನ್ನದೇ ಮುಖ. ಶನಿವಾರ ನನಗೆ ಏನು, ಸ್ವಾಮಿ? ಬಿಡುವಿದೆಯೇ ಎಂದೇ? ವಯಸ್ಸೆಷ್ಟಾಗುತ್ತದೆ ಎಂದೇ? ಅವರ ಫೋನ್ ನಂಬರು ಕೇಳಿದರೆ ನಿಮ್ಮ ಕಚೇರಿ ಗೌಪ್ಯತೆಯ ಪಾಠ ಹೇಳಿತು. ಮುಂದಿನ ವಾರಗಳಲ್ಲಿ ಎಲ್ಲರೆದುರು ಕೇಳಲು ನನಗೆ ನಾಚಿಕೆ, ಎಲ್ಡನ್‌ಗಂತೂ ಸಾವೇ. ಬಾಯ್ಲರ್ ರಿಪೇರಿಯಾಗಿ ಮತ್ತೆ ಕಾರಿನ ಗಾಜು ಇಳಿಯುವಷ್ಟರಲ್ಲಿ ಏಪ್ರಿಲ್ ಬಂದಿತ್ತು.

"ಅವತ್ತು ಶನಿವಾರ ಅಂದಿರಲ್ಲ, ಏನದು?"

"ಅದಾ? ಸರೋವರದ ಐಸಿನ ಮೇಲೆ ಮೀನು ಹಿಡಿಯೋ ಗುಡಿಸಲು ಹಾಕಿದ್ದೆ. ಬರ್ತೀರಾ ಅಂತ ಕೇಳೋಣ ಅಂತಿದ್ದೆ. ಈಗ ಐಸು ಕರಗ್ತಾ ಇದೆ."

"ದೋಣಿ ಇಲ್ವಾ ನಿಮ್ಹತ್ರ?"

ಎಲ್ಡನ್ ಕಾರಿನ ಎಂಜಿನ್ ಬಂದ್ ಮಾಡಿದರು. "ಇದೆ."

ಆ ಚಳಿಯಲ್ಲಿ ಎಂಜಿನ್ ಬಂದ್ ಮಾಡುವುದೆಂದರೆ ನಮ್ಮ ಕಡೆ ಹೂವು ಕೊಟ್ಟ ಹಾಗೆ.

ಆನ್‌ಲೈನ್ ಬೇಡವೇ ಬೇಡ ಎನ್ನುವವಳಲ್ಲ ನಾನು. ನಮ್ಮ ತರಗತಿಯ ಡೋರ್ಲಾ ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರಲಾರದೆ ಮನೆಯಿಂದ ಟ್ಯಾಬ್ಲೆಟ್‌ನಲ್ಲೇ ಪಾಠ ಕೇಳುತ್ತಾಳೆ. ತರಗತಿಯಲ್ಲಿ ಅವಳ ಮುಖ ಕಾಣುವ ಇನ್ನೊಂದು ಟ್ಯಾಬ್ಲೆಟ್ಟನ್ನು ಎಲ್ಡನ್ ತಮ್ಮ ಮಫ್ಲರಿನಲ್ಲಿ ಸುತ್ತಿ ಕಾರಿನ ತನಕ ಎತ್ತಿಕೊಂಡು ಬರುತ್ತಾರೆ, ಅವಳೂ ನಮ್ಮ ಜೊತೆ ಅರ್ಧ ಗಂಟೆ ಹೊರಡಲಿ ಎಂದು. ಪರದೆ ಇರಲಿ. ಅದನ್ನು ಎತ್ತಿಕೊಂಡು ಬರುವ ಜನವೂ ಇರಲಿ.

ಈಗ ನನ್ನ ಆತುರಕ್ಕೆ ಕಾರಣ ಕೇಳಿ. ಮೇ ತಿಂಗಳ ಕೊನೆಯ ತರಗತಿಯಂದು ಎಲ್ಡನ್ ಗಾಜು ಇಳಿಸಿ, "ಮಾರ್ಲಿಸ್, ನಿಮ್ಮನ್ನ ಒಂದು ಮಾತು ಕೇಳೋದಿದೆ. ಸೆಪ್ಟೆಂಬರಲ್ಲಿ ಕೇಳ್ತೀನಿ" ಅಂದರು. ಬೇಸಿಗೆಯಿಡೀ ದೋಣಿಯಲ್ಲಿ ಎದುರುಬದುರು ಕೂತಿದ್ದೇವೆ, ಆದರೆ ದೋಣಿಯಲ್ಲಿ ಮಾತಾಡಿದರೆ ಮೀನು ಓಡುತ್ತದಂತೆ! ಆ ಪ್ರಶ್ನೆ ನಿಮ್ಮ ಕಾರು ನಿಲ್ಲಿಸುವ ಜಾಗಕ್ಕಾಗಿ ಕಾದು ಕೂತಿದೆ.

ಆದ್ದರಿಂದ ನಮ್ಮ ಕೋಣೆಯನ್ನು ನಮಗೇ ಬಿಡಿ. ಪಾಠ ಮುಗಿದ ಮೇಲೂ ಅರ್ಧ ಗಂಟೆ ಹೊರಗಿನ ದೀಪ ಉರಿಯಲಿ. ಇಷ್ಟೇ ನನ್ನ ಬೇಡಿಕೆ. ಸರಿ ಹಾಗಾದ್ರೆ.

ಇಂತಿ,
ತೊಡೆ ತಟ್ಟಿ ಎದ್ದರೂ ಇನ್ನೂ ಬಾಗಿಲಲ್ಲೇ ನಿಂತಿರುವ,
ಮಾರ್ಲಿಸ್ ಸ್ಕೋಗ್ಲಂಡ್

ಹೊರಟೆ, ಇದೊಂದೇ ಮಾತು. ಎಲ್ಡನ್ ಈ ಪತ್ರಿಕೆಯ ಒಂದಕ್ಷರವನ್ನೂ ಬಿಡದೆ ಓದುತ್ತಾರೆ. ತಾವು ಆ ದೀಪ ಆರಿಸಿಯೇಬಿಟ್ಟರೆ ಎಂಬ ಭಯಕ್ಕೆ ಇಲ್ಲೇ ಹೇಳಿಬಿಡುತ್ತೇನೆ: ಎಲ್ಡನ್, ನೀವು ಕೇಳಬೇಕು ಅಂದುಕೊಂಡಿದ್ದೀರಲ್ಲ, ಅದಕ್ಕೆ ಹೂಂ.